ಹತ್ತೊಂಬತ್ತು ಊರು, ಒಂದು ಕಮ್ಯೂನ್

(ಕಳೆದ ತಿಂಗಳು ನಮ್ಮೂರಿನ ವಾಚನಾಲಯದಲ್ಲಿ ಆಡಿದ ಮಾತು ಇದು. ಬಂದವರಲ್ಲಿ ಹಲವರು ಬರೆದು ಹಾಕಿ ಅಂದರು. ಅವತ್ತು ಹೊತ್ತಾಯಿತು ಅಂತ ಅರ್ಧಕ್ಕೆ ಬಿಟ್ಟಿದ್ದನ್ನು ಇಲ್ಲಿ ಸೇರಿಸಿದ್ದೇನೆ, ನಡುವೆ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ.

ಒಂದು ಬೋರ್ಡಿನಿಂದ ಶುರು ಮಾಡುತ್ತೇನೆ. ಫ್ರಾನ್ಸಿನಲ್ಲಿ ಯಾವ ಹಳ್ಳಿಗೆ ಹೋದರೂ ಊರು ಶುರುವಾಗುವ ಕಡೆ ರಸ್ತೆ ಪಕ್ಕ ಒಂದು ಬೋರ್ಡ್ ನಿಂತಿರುತ್ತದೆ. ಬಿಳಿ ಹಲಗೆ, ಸುತ್ತ ಕೆಂಪು ಅಂಚು, ನಡುವೆ ಕಪ್ಪು ಅಕ್ಷರದಲ್ಲಿ ಊರಿನ ಹೆಸರು. ಊರು ಮುಗಿಯುವ ಕಡೆ ಅದೇ ಹೆಸರು, ಅದರ ಮೇಲೆ ಓರೆಯಾಗಿ ಎಳೆದ ಒಂದು ಕೆಂಪು ಗೆರೆ. ಮೊದಲ ಸಲ ಆ ಗೆರೆ ನೋಡಿದಾಗ ಊರನ್ನೇ ಯಾರೋ ಹೊಡೆದು ಹಾಕಿದ್ದಾರೆ ಅನ್ನಿಸಿತ್ತು ನನಗೆ. ಆಮೇಲೆ ಗೊತ್ತಾಯಿತು, ಊರು ದಾಟಿದಿರಿ, ಇನ್ನು ಗಾಡಿ ಜೋರಾಗಿ ಬಿಡಬಹುದು ಅಂತ ಅದರ ಅರ್ಥ.

ಕೆಲಸದ ಮೇಲೆ ಕೆಲವು ವರ್ಷ ನಾನು ಶೆರ್ಬೂರ್‌ನಲ್ಲಿದ್ದೆ. ನಾರ್ಮಂಡಿಯ ಉತ್ತರದ ತುದಿಯಲ್ಲಿರುವ ಬಂದರು ಪಟ್ಟಣ ಅದು. ಅಲ್ಲಿಂದ ಪಶ್ಚಿಮಕ್ಕೆ ಡಿ901 ಅನ್ನುವ ರಸ್ತೆ ಹಿಡಿದರೆ ಒಂದು ಮೂವತ್ತು ಕಿಲೋಮೀಟರಿನಲ್ಲಿ ನೆಲವೇ ಮುಗಿದು ಹೋಗುತ್ತದೆ. ಆ ಕೊನೆಯ ತುಂಡು ನೆಲಕ್ಕೆ ಲಾ ಆಗ್ ಅಂತ ಹೆಸರು. ಮೂರು ಕಡೆ ಸಮುದ್ರ, ಸದಾ ಗಾಳಿ. ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಮೋಟು ಗೋಡೆಗಳು, ಅವುಗಳ ನಡುವೆ ಅಂಗೈ ಅಗಲದ ಹೊಲಗಳು, ಹಸು, ಕುರಿ. ರಸ್ತೆ ಓಡ್‌ರ್‌ವಿಲ್ ಅನ್ನುವ ಊರಿನಲ್ಲಿ ನಿಲ್ಲುತ್ತದೆ. ಅದರಾಚೆ ಗೂರಿ ಅನ್ನುವ ಪುಟ್ಟ ಬಂದರು, ನೀರಿನ ನಡುವೆ 1830ರ ದಶಕದಲ್ಲಿ ಕಟ್ಟಿದ ದೀಪಸ್ತಂಭ. ಅಲ್ಲಿನ ಸಮುದ್ರದ ಸೆಳೆತ ಯುರೋಪಿನಲ್ಲೇ ತುಂಬಾ ಜೋರಾದವುಗಳಲ್ಲಿ ಒಂದು.

ಈ ತುಂಡು ನೆಲದಲ್ಲಿ 2016ರ ಡಿಸೆಂಬರ್ 31ರವರೆಗೆ ಹತ್ತೊಂಬತ್ತು ಕಮ್ಯೂನ್ ಇದ್ದವು. ಮರುದಿನ ಬೆಳಗ್ಗೆ ಒಂದೇ ಇತ್ತು. ಇವತ್ತು ಹೇಳಬೇಕು ಅಂತ ಬಂದಿರುವುದು ಅದರ ಕಥೆ.

ಕಮ್ಯೂನ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಲ್ಲಿ ಸ್ಥಳೀಯ ಆಡಳಿತದ ಕಟ್ಟಕಡೆಯ ಮೆಟ್ಟಿಲು ಅದು. ಪ್ಯಾರಿಸ್ಸೂ ಒಂದು ಕಮ್ಯೂನ್, ಎಂಬತ್ತು ಜನರ ಹಳ್ಳಿಯೂ ಒಂದು ಕಮ್ಯೂನ್, ಇಬ್ಬರಿಗೂ ಒಬ್ಬೊಬ್ಬ ಮೇಯರ್. ಕ್ರಾಂತಿಯಾದ ವರ್ಷವೇ, 1789ರ ಡಿಸೆಂಬರ್ 14ರಂದು, ಇದಕ್ಕೆ ಕಾನೂನು ಮಾಡಿದರು. ಹೊಸದಾಗಿ ಗಡಿ ಹಾಕಲು ಹೋಗಲಿಲ್ಲ. ಅದಕ್ಕೂ ಮುಂಚೆ ಒಂದೊಂದು ಚರ್ಚಿಗೆ ಒಂದೊಂದು ಊರು ಸೇರಿತ್ತಲ್ಲ, ಆ ಗಡಿಗಳನ್ನೇ ಹೆಚ್ಚುಕಮ್ಮಿ ಹಾಗೆಯೇ ಎತ್ತಿಕೊಂಡರು. ಹಾಗಾಗಿ 40,000ಕ್ಕೂ ಜಾಸ್ತಿ ಕಮ್ಯೂನ್ ಹುಟ್ಟಿದವು. 2015ರ ಆರಂಭದಲ್ಲೂ ಲೆಕ್ಕ 36,658 ಇತ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಊರುಗಳಲ್ಲಿ ಐನೂರು ಜನ ಕೂಡ ಇಲ್ಲ. ಯುರೋಪಿನ ಬೇರೆ ದೇಶಗಳು ಇಷ್ಟು ಹೊತ್ತಿಗೆ ಊರುಗಳನ್ನು ಸೇರಿಸಿ ಮುಗಿಸಿದ್ದವು. ಬೆಲ್ಜಿಯಂ 1977ರಲ್ಲಿ 2,359 ಇದ್ದದ್ದನ್ನು 596ಕ್ಕೆ ಇಳಿಸಿತು. ಡೆನ್ಮಾರ್ಕ್ 2007ರಲ್ಲಿ 271ನ್ನು 98 ಮಾಡಿತು. ಫ್ರಾನ್ಸ್ ಮಾತ್ರ ಮುಟ್ಟಲು ಹೋದಾಗಲೆಲ್ಲ ಕೈ ಸುಟ್ಟುಕೊಂಡಿತು.

ಯಾಕೆ ಅಂತೀರಾ? ಒಂದು ಮೆರಿ ಒಳಗೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಮೆರಿ ಅಂದರೆ ಮೇಯರ್ ಕಚೇರಿ. ನಮ್ಮ ಪಂಚಾಯಿತಿ ಆಫೀಸಿನ ಹಾಗೆ, ಆದರೆ ಪ್ರತಿ ಊರಿಗೂ ಒಂದು. 1884ರ ಕಾನೂನಿನಲ್ಲೇ ಪ್ರತಿ ಕಮ್ಯೂನಿಗೂ ಒಂದು ಮೆರಿ ಇರಲೇಬೇಕು ಅಂತಾಯಿತು. ಸುಮಾರು ಹಳ್ಳಿಗಳಲ್ಲಿ ಶಾಲೆ, ಮೆರಿ ಎರಡೂ ಒಂದೇ ಕಟ್ಟಡ.

ನಾನು ಹೋಗಿದ್ದ ಒಂದು ಮೆರಿ ಬಗ್ಗೆ ಹೇಳುತ್ತೇನೆ. ತೀರ ಸಣ್ಣ ಊರು. ವಾರಕ್ಕೆ ಎರಡು ಅರ್ಧ ದಿನ ಮಾತ್ರ ಬಾಗಿಲು ತೆಗೆಯುತ್ತಿದ್ದರು. ಹೊರಗೆ ಗಾಜಿನ ನೋಟಿಸ್ ಬೋರ್ಡ್, ಅದರಲ್ಲಿ ಬೇಟೆಯ ದಿನಾಂಕ, ಯಾರದೋ ಕೊಟ್ಟಿಗೆ ದೊಡ್ಡದು ಮಾಡುವ ಅರ್ಜಿ. ಒಳಗೆ ಒಂದೇ ಕೋಣೆ. ಗೋಡೆಯ ಮೇಲೆ ರಾಷ್ಟ್ರಾಧ್ಯಕ್ಷರ ಫೋಟೋ. ಮೂಲೆಯಲ್ಲಿ ಮರಿಯಾನ್ ಅನ್ನುವ ಹೆಂಗಸಿನ ಮೂರ್ತಿ, ಗಣರಾಜ್ಯದ ಗುರುತು. ಎದುರು ಗೋಡೆಗೆ ಊರಿನ ಸರ್ವೆ ನಕ್ಷೆ, ಎಷ್ಟು ಸಲ ಬೆರಳಿಟ್ಟು ತೋರಿಸಿದ್ದರೋ ಏನೋ, ಚರ್ಚ್ ಇರುವ ಜಾಗದಲ್ಲಿ ಕಾಗದ ಸವೆದು ಹೊಳೆಯುತ್ತಿತ್ತು. ಮೇಯರಮ್ಮ ಬೂದು ಬಣ್ಣದ ಕಬ್ಬಿಣದ ಬೀರು ತೆಗೆದು ಒಂದು ರಿಜಿಸ್ಟರ್ ತಂದು ಮೇಜಿನ ಮೇಲಿಟ್ಟರು. 1920ರ ದಶಕದ್ದು. ಹುಟ್ಟು, ಮದುವೆ, ಸಾವು. ಆ ವರ್ಷ ಊರಿನಲ್ಲಿ ಹುಟ್ಟಿದ ಮಕ್ಕಳೆಲ್ಲ ಎರಡೇ ಪುಟದಲ್ಲಿ ಮುಗಿದಿದ್ದರು. ಪ್ರತಿ ಹುಟ್ಟಿನ ಕೊನೆಯಲ್ಲಿ ಅಪ್ಪನ ಸಹಿ, ಮೇಯರ್ ಸಹಿ. ಒಂದು ಸಹಿಯಲ್ಲಿ ಇಂಕು ಚೆಲ್ಲಿ ಬೆರಳ ಗುರುತು ಬಿದ್ದಿತ್ತು.

ಈ ಬೀರುಗಳ ಬೆಲೆ ಆ ಜಿಲ್ಲೆಯವರಿಗೆ ಬೇರೆಯವರಿಗಿಂತ ಜಾಸ್ತಿ ಗೊತ್ತು. ಲಾ ಆಗ್ ಇರುವುದು ಮಾಂಶ್ ಅನ್ನುವ ಜಿಲ್ಲೆಯಲ್ಲಿ. ಅದರ ಮುಖ್ಯ ಪಟ್ಟಣ ಸೇಂಟ್-ಲೋ. 1944ರ ಜೂನ್ 6ರಂದು, ಮಿತ್ರಪಡೆಗಳು ನಾರ್ಮಂಡಿ ತೀರಕ್ಕೆ ಇಳಿದ ದಿನವೇ, ಸೇಂಟ್-ಲೋ ಮೇಲೆ ಬಾಂಬು ಬಿದ್ದು ಜಿಲ್ಲಾ ದಾಖಲೆಗಳ ಭಂಡಾರ ಸುಟ್ಟು ಹೋಯಿತು. ನೂರಾರು ವರ್ಷದ ಕಾಗದ. ಊರೂರಿನ ಮೆರಿಯ ಬೀರುವಿನಲ್ಲಿ ಒಂದು ಪ್ರತಿ ಇತ್ತಲ್ಲ, ಹುಟ್ಟು ಸಾವಿನ ಲೆಕ್ಕ ಎಷ್ಟೋ ಉಳಿದದ್ದು ಅದರಿಂದ. ಸಣ್ಣ ಊರಿಗೆ ಯಾಕೆ ಬೇರೆ ಆಫೀಸು, ದುಡ್ಡು ದಂಡ ಅಂತ ಯಾರಾದರೂ ಹೇಳಿದಾಗ ನನಗೆ ಆ ಬೀರು ನೆನಪಾಗುತ್ತದೆ.

ಇನ್ನು ಮೇಯರ್. ಅಲ್ಲಿ ಕಾನೂನಿನ ಪ್ರಕಾರ ಮದುವೆ ಆಗಬೇಕಾದರೆ ಸಾಮಾನ್ಯವಾಗಿ ಮೆರಿಯಲ್ಲೇ ಆಗಬೇಕು. ಮೇಯರ್ ಮೂರು ಬಣ್ಣದ ಪಟ್ಟಿ ಹೆಗಲಿಗೆ ಹಾಕಿಕೊಂಡು ನಿಂತು, ಗಂಡ ಹೆಂಡತಿ ಒಬ್ಬರಿಗೊಬ್ಬರು ಗೌರವ, ನಿಷ್ಠೆ, ನೆರವು ಕೊಡಬೇಕು ಅನ್ನುವ ಕಾನೂನಿನ ಸಾಲುಗಳನ್ನು ಓದುತ್ತಾರೆ. ಬಾಗಿಲು ತೆಗೆದೇ ಇರುತ್ತದೆ, ಯಾರು ಬೇಕಾದರೂ ಒಳಗೆ ಬರಬಹುದು. ನೂರು ಜನಕ್ಕಿಂತ ಕಡಿಮೆ ಇರುವ ಊರಿನಲ್ಲಿ ಏಳು ಸದಸ್ಯರು, ಐನೂರರ ಒಳಗಿದ್ದರೆ ಹನ್ನೊಂದು, 1,500ರ ಒಳಗಿದ್ದರೆ ಹದಿನೈದು. ಮೇಯರಿಗೆ ಒಂದಿಷ್ಟು ಭತ್ಯೆ ಬಿಟ್ಟರೆ, ಸಣ್ಣ ಊರಿನ ಸದಸ್ಯರಿಗೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಸುಮ್ನೆ ಊರಿಗಾಗಿ ಕೆಲಸ. ಹೊಲ ಮುಗಿಸಿ, ಅಂಗಡಿ ಮುಚ್ಚಿ, ರಾತ್ರಿ ಎಂಟಕ್ಕೆ ಮೆರಿಯಲ್ಲಿ ಕೂತು ಯಾವ ಚರಂಡಿ ಮೊದಲು, ಯಾವ ರಸ್ತೆ ಆಮೇಲೆ ಅಂತ ಮಾತಾಡುವ ಜನ ಇವರು.

ಈಗ ಲಾ ಆಗ್ ಕಡೆ ಬರುತ್ತೇನೆ. ಹತ್ತೊಂಬತ್ತರಲ್ಲಿ ನನಗೆ ತುಂಬಾ ಹತ್ತಿರವಾದದ್ದು ಗ್ರೆವಿಲ್-ಆಗ್. ಸಾವಿರ ಜನ ಕೂಡ ಇಲ್ಲದ ಊರು. ಅದರ ಗ್ರುಶಿ ಅನ್ನುವ ಕೇರಿಯಲ್ಲಿ 1814ರ ಅಕ್ಟೋಬರ್ 4ರಂದು ಒಬ್ಬ ರೈತನ ಮನೆಯಲ್ಲಿ ಝಾಂ-ಫ್ರಾನ್ಸ್ವಾ ಮಿಲೆ ಹುಟ್ಟಿದ. ಕೊಯ್ದ ಹೊಲದಲ್ಲಿ ಮೂವರು ಹೆಂಗಸರು ಬಗ್ಗಿ ಉದುರಿದ ತೆನೆ ಆಯುತ್ತಿರುವ ಚಿತ್ರ ನೀವು ಯಾವುದಾದರೂ ಪುಸ್ತಕದಲ್ಲಿ ನೋಡಿರುತ್ತೀರಿ, ಅದು ಇವನದೇ. ಇನ್ನೊಂದು ಚಿತ್ರ, ಆಲೂಗಡ್ಡೆ ಹೊಲದಲ್ಲಿ ಸಂಜೆ ಗಂಟೆ ಕೇಳಿ ಗಂಡ ಹೆಂಡತಿ ತಲೆ ತಗ್ಗಿಸಿ ನಿಂತಿರುವುದು. ದೂರದಲ್ಲಿ ಕಾಣುವ ಚರ್ಚ್ ಪ್ಯಾರಿಸ್ ಹತ್ತಿರದ್ದು, ಆದರೆ ಆ ನೆನಪು ಇಲ್ಲಿಯದು. ಚಿಕ್ಕವನಾಗಿದ್ದಾಗ ಹೊಲದಲ್ಲಿ ಗಂಟೆ ಕೇಳಿಸಿದ ಕೂಡಲೇ ಅಜ್ಜಿ ಕೆಲಸ ನಿಲ್ಲಿಸಿ ಪ್ರಾರ್ಥನೆ ಮಾಡಿಸುತ್ತಿದ್ದಳು ಅಂತ ಅವನೇ ಹೇಳಿಕೊಂಡಿದ್ದಾನೆ.

1870ರಲ್ಲಿ ಯುದ್ಧ ಶುರುವಾದಾಗ ಮಿಲೆ ಸಂಸಾರ ಕಟ್ಟಿಕೊಂಡು ಶೆರ್ಬೂರಿಗೆ ಬಂದ. ಆಗ ತನ್ನೂರಿನ ಚರ್ಚನ್ನು ಚಿತ್ರ ಬರೆಯಲು ಶುರು ಮಾಡಿದ. ಅದು ಈಗ ಪ್ಯಾರಿಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ದೊಡ್ಡ ಚಿತ್ರವೇನಲ್ಲ, ಎತ್ತರ ಅರವತ್ತು ಸೆಂಟಿಮೀಟರ್. ಕುಳ್ಳಗೆ, ಗಟ್ಟಿಯಾಗಿ ಕೂತಿರುವ ಕಲ್ಲಿನ ಚರ್ಚ್, ಸುತ್ತ ಹಕ್ಕಿಗಳು, ಪಕ್ಕದ ದಾರಿಯಲ್ಲಿ ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಹೋಗುತ್ತಿರುವ ಒಬ್ಬ. ನಾಲ್ಕು ವರ್ಷ ಅದರ ಮೇಲೆ ಕೆಲಸ ಮಾಡಿದ. 1875ರ ಜನವರಿಯಲ್ಲಿ ಸತ್ತಾಗ ಚಿತ್ರ ಇನ್ನೂ ಅವನ ಕೋಣೆಯಲ್ಲೇ ಇತ್ತು. ಗ್ರೆವಿಲ್‌ನಲ್ಲಿ ಆ ಚರ್ಚ್ ಎದುರು ನಿಂತು ನೋಡಿ, ಚಿತ್ರದಲ್ಲಿರುವ ಗೋಪುರವೇ ಅದು, ಬದಲಾಗಿಲ್ಲ.

ಅಲ್ಲಿಂದ ಪಶ್ಚಿಮಕ್ಕೆ ಹೋದರೆ ಓಮೊಂವಿಲ್-ಲಾ-ಪೆತಿತ್ ಅನ್ನುವ ಊರು. ಕವಿ ಝಾಕ್ ಪ್ರೆವೆರ್ ಕೊನೆಗಾಲದಲ್ಲಿ ಮನೆ ಮಾಡಿಕೊಂಡು 1977ರಲ್ಲಿ ತೀರಿಕೊಂಡದ್ದು ಅಲ್ಲಿ, ಸಮಾಧಿ ಇರುವುದು ಅಲ್ಲಿಯ ಚರ್ಚಿನ ಅಂಗಳದಲ್ಲಿ. ಮುಂದೆ ಸಾಂ-ಝೆರ್ಮಾಂ-ದೇ-ವೋ. ಅಲ್ಲಿಯ ಪೋರ್-ರಾಸಿನ್ ಫ್ರಾನ್ಸಿನಲ್ಲೇ ಅತಿ ಸಣ್ಣ ಬಂದರು ಅಂತ ಪ್ರಸಿದ್ಧಿ.

ಇವೆಲ್ಲದರ ನಡುವೆ, ಜೋಬೂರ್ ಗುಡ್ಡದ ಮೇಲಿನ ಬಯಲಿನಲ್ಲಿ, ಒಂದು ದೊಡ್ಡ ಕಾರ್ಖಾನೆ ಇದೆ. ಅಣುಸ್ಥಾವರಗಳಲ್ಲಿ ಉರಿದು ಮುಗಿದ ಇಂಧನವನ್ನು ಬೇರ್ಪಡಿಸುವ ಜಾಗ. 1966ರಿಂದ ನಡೆಯುತ್ತಿದೆ. ಲಾ ಆಗ್ ಅಂದ ಕೂಡಲೇ ಪ್ರಪಂಚಕ್ಕೆ ನೆನಪಾಗುವುದು ಈ ಕಾರ್ಖಾನೆ, ಮಿಲೆ ಅಲ್ಲ. ಅದು ಸರಿಯೋ ತಪ್ಪೋ ಅನ್ನುವ ವಾದಕ್ಕೆ ಇವತ್ತು ಹೋಗುವುದಿಲ್ಲ, ಅದೇ ಒಂದು ದಿನದ ಮಾತು. ಆದರೆ ಅದರಿಂದ ಬರುವ ತೆರಿಗೆಯ ವಿಷಯ ಹೇಳದೆ ಊರುಗಳು ಸೇರಿದ ಕಥೆ ಹೇಳಲಾಗುವುದಿಲ್ಲ. ಈ ಹತ್ತೊಂಬತ್ತು ಊರು 1970ರ ದಶಕದಿಂದಲೇ ಒಂದು ಒಕ್ಕೂಟ ಮಾಡಿಕೊಂಡು, ಕಾರ್ಖಾನೆಯ ದುಡ್ಡನ್ನು ಹಂಚಿಕೊಂಡು, ಒಂಟಿಯಾಗಿ ಯಾವ ಊರಿಗೂ ಆಗದ ಸೌಕರ್ಯಗಳನ್ನು ಜೊತೆಯಾಗಿ ನಡೆಸುತ್ತಿದ್ದವು. ಊರು ಬೇರೆ, ಗಂಟು ಒಂದು.

ಈಗ ಕಾನೂನು. ಆದಷ್ಟು ಬೇಗ ಹೇಳಿ ಮುಗಿಸುತ್ತೇನೆ. 1971ರಲ್ಲಿ ಗೃಹಮಂತ್ರಿ ರೇಮೋಂ ಮಾರ್ಸೆಲಾಂ ಊರು ಸೇರಿಸಲು ಒಂದು ಕಾನೂನು ತಂದರು. ಸ್ವಲ್ಪ ನಡೆಯಿತು, ಆಮೇಲೆ ನಿಂತು ಹೋಯಿತು, ಸೇರಿದ ಕೆಲವು ಊರುಗಳು ಮತ್ತೆ ಬೇರೆಯೂ ಆದವು. 2010ರ ಡಿಸೆಂಬರಿನಲ್ಲಿ ‘ಹೊಸ ಕಮ್ಯೂನ್’ ಅನ್ನುವ ಬೇರೆ ದಾರಿ ತೆಗೆದರು. ಇದರಲ್ಲಿ ಹಳೆಯ ಊರು ಪೂರ್ತಿ ಅಳಿಯುವುದಿಲ್ಲ, ದೊಡ್ಡ ಕಮ್ಯೂನಿನ ಒಳಗೆ ಒಂದು ಉಪ-ಕಮ್ಯೂನ್ ಆಗಿ ಉಳಿಯಬಹುದು. ಉಪ-ಮೇಯರ್ ಇರುತ್ತಾರೆ, ಹಳೆಯ ಮೆರಿ ಶಾಖೆಯಾಗುತ್ತದೆ, ಮದುವೆ ಅಲ್ಲೇ ಮಾಡಬಹುದು. ಆದರೂ ಮೊದಮೊದಲು ಯಾರೂ ಅಷ್ಟಾಗಿ ಮುಂದೆ ಬರಲಿಲ್ಲ. 2014ರಿಂದ ಕೇಂದ್ರ ಸರ್ಕಾರ ಊರುಗಳಿಗೆ ಕೊಡುವ ಅನುದಾನ ಕಡಿಮೆ ಮಾಡುತ್ತಾ ಬಂದಿತು. 2015ರ ಮಾರ್ಚ್‌ನಲ್ಲಿ, ಸೇರಿದವರಿಗೆ ಮೂರು ವರ್ಷ ಅನುದಾನ ಕಡಿಮೆ ಮಾಡುವುದಿಲ್ಲ, 1,000ದಿಂದ 10,000 ಜನ ಇದ್ದರೆ ಶೇಕಡಾ 5 ಜಾಸ್ತಿಯನ್ನೇ ಕೊಡುತ್ತೇವೆ ಅಂತ ಕಾನೂನು ಬಂತು. ಆಗ ಓಟ ಶುರುವಾಯಿತು. 36,658 ಇದ್ದದ್ದು ಒಂದೇ ವರ್ಷದಲ್ಲಿ 35,885ಕ್ಕೆ ಇಳಿಯಿತು. 2019ರ ಆರಂಭಕ್ಕೆ 34,970. ಕ್ರಾಂತಿಯಾದ ಮೇಲೆ ಇಷ್ಟು ಬೇಗ ಇಷ್ಟು ಊರು ಸೇರಿದ್ದು ಅಪರೂಪ. ಲ್ವಾರ್ ನದಿಯ ಕಡೆಯ ಮೋಜ್ ಪ್ರದೇಶದಲ್ಲಿ 2015ರ ಡಿಸೆಂಬರ್ 15ರಂದು ಒಂದೇ ದಿನ ಅರವತ್ತಕ್ಕೂ ಜಾಸ್ತಿ ಊರು ಹೋಗಿ ಆರು ಉಳಿದವು.

ಲಾ ಆಗ್ ಸೇರಿದ್ದಕ್ಕೆ ಇದರ ಮೇಲೆ ಇನ್ನೊಂದು ಕಾರಣ ಇತ್ತು. ಊರುಗಳ ಒಕ್ಕೂಟದಲ್ಲಿ ಸಾಮಾನ್ಯವಾಗಿ 15,000 ಜನವಾದರೂ ಇರಬೇಕು ಅಂತ 2015ರ ಆಗಸ್ಟ್‌ನಲ್ಲಿ ಕಾನೂನಾಯಿತು. ಲಾ ಆಗ್ ಒಕ್ಕೂಟದಲ್ಲಿ ಅಷ್ಟು ಜನ ಇರಲಿಲ್ಲ. ಶೆರ್ಬೂರ್ ಸೇರಿ ನೂರಕ್ಕೂ ಜಾಸ್ತಿ ಕಮ್ಯೂನ್ ಇರುವ ದೊಡ್ಡ ಒಕ್ಕೂಟದೊಳಗೆ ಅದು ಕರಗಬೇಕಾಗಿತ್ತು. ಕರಗಿದರೆ ಇಷ್ಟು ವರ್ಷ ಜೊತೆಯಾಗಿ ನಡೆಸಿದ್ದು ಒಂದೋ ದೂರದವರ ಕೈಗೆ ಹೋಗುತ್ತಿತ್ತು, ಇಲ್ಲವೇ ಹತ್ತೊಂಬತ್ತು ಚೂರಾಗುತ್ತಿತ್ತು. ಆಗ ಇವರು ಮಾಡಿದ್ದು ಏನು? ಒಕ್ಕೂಟವನ್ನು ಬಿಡಬೇಕಾದರೆ ನಾವೇ ಒಂದು ಕಮ್ಯೂನ್ ಆಗುತ್ತೇವೆ ಅಂದರು. 2017ರ ಜನವರಿ 1ಕ್ಕೆ ಒಕ್ಕೂಟ ಹೋಯಿತು, ಅದೇ ಗಡಿಯೊಳಗೆ ಲಾ ಆಗ್ ಅನ್ನುವ ಕಮ್ಯೂನ್ ಹುಟ್ಟಿತು. ಜನ ಹನ್ನೊಂದು ಹನ್ನೆರಡು ಸಾವಿರ. ಮುಖ್ಯ ಕಚೇರಿ ಬೋಮೋಂ-ಆಗ್‌ನಲ್ಲಿ. ಹೆಸರಿಗೂ ಜಗಳ ಆಡಬೇಕಾಗಿರಲಿಲ್ಲ, ಆ ನೆಲಕ್ಕೆ ಹಿಂದಿನಿಂದ ಇದ್ದ ಹೆಸರೇ ಅದು. ಬೇರೆ ಎಷ್ಟೋ ಕಡೆ ಯಾವ ಊರಿನ ಹೆಸರಿಟ್ಟರೂ ಇನ್ನೊಂದು ಊರಿಗೆ ಬೇಜಾರು ಅಂತ ಹೊಳೆ, ಕಣಿವೆ ನೋಡಿಕೊಂಡು ಹೊಸ ಹೆಸರು ಹೊಸೆದರು.

ಹಾಗಾಗಿ ಲಾ ಆಗ್ ಜನ ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ. ತಮ್ಮ ಗಂಟು ಉಳಿಸಿಕೊಳ್ಳಲು ಅವರಿಗೆ ಅದೇ ದಾರಿ ಇತ್ತು.

ಇಲ್ಲಿ ಒಬ್ಬ ಹಿರಿಯರು ಎದ್ದು ಕೇಳಿದರು: “ನಮ್ಮಲ್ಲಿ ಗ್ರಾಮ ಪಂಚಾಯಿತಿ ಅಂದರೆ ಆಗಲೇ ನಾಲ್ಕೈದು ಊರು ಸೇರಿದ್ದೇ ಅಲ್ವಾ? ಅವರಿಗೆ ಯಾಕೆ ಅಷ್ಟು ಸಂಕಟ?” ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಹಲವು ಹಳ್ಳಿಗೆ ಒಂದು ಪಂಚಾಯಿತಿ, ನಿಜ. ಹಾಗಾಗಿ ಪಕ್ಕದ ದೊಡ್ಡ ಊರಿನಲ್ಲಿ ಪಂಚಾಯಿತಿ ಆಫೀಸು ಇದ್ದರೆ ಸಣ್ಣ ಹಳ್ಳಿಯವರಿಗೆ ಏನನ್ನಿಸುತ್ತದೆ ಅನ್ನುವುದು ಇಲ್ಲಿ ಕೂತ ಎಷ್ಟೋ ಜನಕ್ಕೆ ಗೊತ್ತು. ಅವರಿಗೆ ಅದು ಹೊಸದು. ಇನ್ನೂರು ವರ್ಷಕ್ಕೂ ಜಾಸ್ತಿ ತಮ್ಮ ಊರಿನ ವಿಷಯ ತಮ್ಮ ಊರಿನಲ್ಲೇ ಕೂತು ತೀರ್ಮಾನ ಮಾಡಿದವರು.

ನನಗೆ ಮುಖ್ಯ ಅನ್ನಿಸುವುದು ಇದೇ. ಊರು ಸೇರಿದಾಗ ಹೆಸರು ಹೋಗುತ್ತದೆ ಅಂತ ಎಲ್ಲರೂ ದುಃಖ ಪಡುತ್ತಾರೆ. ಹೆಸರು ಹೋಗುವುದಿಲ್ಲ. ಗ್ರೆವಿಲ್-ಆಗ್ ಬೋರ್ಡ್ ಇವತ್ತಿಗೂ ಇದೆ, ಚರ್ಚ್ ಇದೆ, ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲು ಇದೆ, ಮೊದಲ ಮಹಾಯುದ್ಧ ನಿಂತ ದಿನ ಅಂತ ನವೆಂಬರ್ 11ಕ್ಕೆ ಅದರ ಎದುರು ಜನ ಸೇರುತ್ತಾರೆ. ಹೋಗುವುದು ಬೇರೆ. ಒಂದು ಲೆಕ್ಕ ಹಾಕಿ. ಊರಿಗೆ ಹನ್ನೊಂದೋ ಹದಿನೈದೋ ಸದಸ್ಯರಂತೆ ಹತ್ತೊಂಬತ್ತು ಊರಿಗೆ ಎಷ್ಟಾಯಿತು? ಇನ್ನೂರರ ಸುತ್ತಮುತ್ತ. ಹೊಸ ಕಮ್ಯೂನ್ ಹುಟ್ಟಿದಾಗ ಬೇಕಿದ್ದರೆ ಹಳೆಯ ಸದಸ್ಯರೆಲ್ಲ ಮುಂದಿನ ಚುನಾವಣೆವರೆಗೆ ಕೂರಬಹುದು. ಆಮೇಲೆ? 10,000ದಿಂದ 20,000 ಜನ ಇರುವ ಕಮ್ಯೂನಿಗೆ ಕಾನೂನಿನಲ್ಲಿರುವುದು 33 ಕುರ್ಚಿ. ಹೊಸದಾಗಿ ಸೇರಿದವರಿಗೆ ಒಂದೆರಡು ರಿಯಾಯಿತಿ ಇರಬಹುದು, ಅಷ್ಟೇ. ಇನ್ನೂರು ಜನ ಸಂಬಳವಿಲ್ಲದೆ ತಮ್ಮ ಓಣಿಯ ಚರಂಡಿ, ಮೋರಿ, ಒಂಟಿ ಮುದುಕಿಯ ಮನೆ ನೋಡಿಕೊಳ್ಳುತ್ತಿದ್ದರು. ಅವರಲ್ಲಿ ಬಹಳಷ್ಟು ಜನ ಮನೆಗೆ ಹೋದರು. ಅಷ್ಟು ಜನರ ಕೆಲಸಕ್ಕೆ ಬೆಲೆ ಕಟ್ಟಿದವರು ಯಾರು?

ಓಟು ಹಾಕುವ ರೀತಿಯೂ ಬದಲಾಗುತ್ತದೆ, ಇದನ್ನು ಹೊರಗಿನವರು ಗಮನಿಸುವುದೇ ಕಡಿಮೆ. ಸಾವಿರ ಜನಕ್ಕಿಂತ ಸಣ್ಣ ಊರಿನಲ್ಲಿ ಇತ್ತೀಚಿನವರೆಗೆ ಓಟಿನ ಚೀಟಿಯ ಮೇಲೆ ಪೆನ್ನು ಹಿಡಿದು ಬೇಡದ ಹೆಸರು ಹೊಡೆದು ಹಾಕಿ ಬೇಕಾದ ಹೆಸರು ಬರೆಯಬಹುದಿತ್ತು. ಇವಳು ಬೇಕು, ಇವನು ಬೇಡ, ಇವರಪ್ಪ ಒಳ್ಳೆಯವರು ಅಂತ ಮನುಷ್ಯರನ್ನು ನೋಡಿ ಓಟು. ಊರು ಸೇರಿ ಸಾವಿರ ದಾಟಿದ ಕೂಡಲೇ ಪಟ್ಟಿಗೆ ಓಟು: ಈ ಗುಂಪು ಪೂರ್ತಿ, ಇಲ್ಲವೇ ಆ ಗುಂಪು ಪೂರ್ತಿ. 2025ರಲ್ಲಿ ಬಂದ ಕಾನೂನಿನಿಂದ ಈಗ ಸಣ್ಣ ಊರುಗಳಿಗೂ ಪಟ್ಟಿಯೇ. ಹೆಂಗಸರಿಗೆ ಸಮಪಾಲು ಸಿಗುತ್ತದೆ, ಅದು ಒಳ್ಳೆಯದೇ, ನನಗೆ ಅದರಲ್ಲಿ ಸಂತೋಷ ಇದೆ. ಆದರೂ ಆ ಪೆನ್ನಿನ ಗೆರೆ ಹೋಯಿತಲ್ಲ ಅಂತಲೂ ಅನ್ನಿಸುತ್ತದೆ.

ಪರಿಚಯದ ಒಬ್ಬರು ಹೀಗೆ ಸೇರಿದ ಇನ್ನೊಂದು ಕಮ್ಯೂನಿನಲ್ಲಿದ್ದರು, ಜಾಗದ ಹೆಸರು ಬೇಡ. ಅವರ ಮನೆ ಎದುರಿನ ಕಾಲುವೆ ಕಟ್ಟಿಕೊಂಡು ಮಳೆ ಬಂದಾಗಲೆಲ್ಲ ಅಂಗಳಕ್ಕೆ ನೀರು. ಮೊದಲಾಗಿದ್ದರೆ ಭಾನುವಾರ ಬ್ರೆಡ್ ತರಲು ಹೋದಾಗ ಮೇಯರ್ ಸಿಗುತ್ತಿದ್ದರು, ಹೇಳಿದರೆ ಸೋಮವಾರ ಯಾರೋ ಗುದ್ದಲಿ ತರುತ್ತಿದ್ದರು. ಈಗ ಫೋನ್ ಮಾಡಿದರೆ ಅರ್ಜಿ ಹಾಕಿ ಅಂದರು, ಅರ್ಜಿ ಹಾಕಿದರೆ ಯಾವ ಕಾಲುವೆ ಅಂತ ಕೇಳಿದರು. ಕೇಳಿದ ಹುಡುಗಿಯದೇನೂ ತಪ್ಪಿಲ್ಲ, ಅವಳು ಇಪ್ಪತ್ತು ಕಿಲೋಮೀಟರ್ ದೂರದವಳು, ಆ ಕಾಲುವೆ ಅವಳು ಕಂಡಿಲ್ಲ. ಕೊನೆಗೆ ಕೆಲಸ ಆಯಿತು, ಚೆನ್ನಾಗಿಯೇ ಆಯಿತು, ಯಂತ್ರ ತಂದು ಮಾಡಿದರು. ಆದರೆ ಅವರು ನನಗೆ ಹೇಳಿದ್ದು ಯಂತ್ರದ ವಿಷಯ ಅಲ್ಲ. “ಯಾವ ಕಾಲುವೆ ಅಂತ ನನ್ನನ್ನು ಯಾರೂ ಇದುವರೆಗೆ ಕೇಳಿರಲಿಲ್ಲ” ಅಂದರು.

ವಿಳಾಸದ್ದು ಇನ್ನೊಂದು ಗೋಳು. ಫ್ರಾನ್ಸಿನ ಪ್ರತಿ ಹಳ್ಳಿಯಲ್ಲೂ ಚರ್ಚ್ ಬೀದಿ ಅಂತ ಒಂದು ಇದ್ದೇ ಇರುತ್ತದೆ, ನಮ್ಮಲ್ಲಿ ದೇವಸ್ಥಾನದ ಬೀದಿ ಇದ್ದ ಹಾಗೆ. ಹತ್ತು ಊರು ಸೇರಿದರೆ ಒಂದೇ ಕಮ್ಯೂನಿನಲ್ಲಿ ಹತ್ತು ಚರ್ಚ್ ಬೀದಿ. ಆಂಬುಲೆನ್ಸ್ ಎಲ್ಲಿಗೆ ಹೋಗಬೇಕು? ಹೆಸರು ಬದಲಾಯಿಸಲೇಬೇಕು. ಯಾವ ಊರು ತನ್ನ ಚರ್ಚ್ ಬೀದಿಯನ್ನು ಬಿಟ್ಟುಕೊಡಬೇಕು ಅನ್ನುವ ಮಾತು ಬಂದಾಗ, ಊರು ಸೇರುವುದಕ್ಕೆ ಸುಮ್ಮನಿದ್ದವರೂ ಸಭೆಗೆ ಬರುತ್ತಾರೆ.

ಮತ್ತೊಬ್ಬರು, ಕಾಲೇಜಿನ ಹುಡುಗಿ, ಕೇಳಿದಳು: “ಜನರನ್ನು ಕೇಳಿ ಮಾಡುತ್ತಾರಾ ಸರ್ ಇದನ್ನೆಲ್ಲ?” ಯಾವಾಗಲೂ ಇಲ್ಲ ಕಣಮ್ಮ. ಸೇರುವ ಊರುಗಳ ಕೌನ್ಸಿಲ್‌ಗಳೆಲ್ಲ ಒಪ್ಪಿದರೆ ಜನಮತ ಕೇಳಬೇಕಾಗಿಲ್ಲ, ಸರ್ಕಾರದ ಜಿಲ್ಲಾ ಅಧಿಕಾರಿ ಆದೇಶ ಹೊರಡಿಸಿದರೆ ಆಯಿತು. ಕೆಲವು ಕೌನ್ಸಿಲ್ ಒಪ್ಪದಿದ್ದಾಗ ಮಾತ್ರ ಜನರ ಓಟು. ನನಗೆ ಇದು ಸರಿ ಕಾಣುವುದಿಲ್ಲ. ಊರಿನ ಕೌನ್ಸಿಲ್‌ಗೆ ಜನ ಓಟು ಕೊಟ್ಟದ್ದು ಊರು ನಡೆಸಲು. ಊರನ್ನು ಇನ್ನೊಂದರೊಳಗೆ ಸೇರಿಸುವ ಮುಂಚೆ ಒಂದು ಸಲ ಮನೆಮನೆಯನ್ನೂ ಕೇಳಬೇಕು.

ಕೇಳದೆ ಮಾಡಿದ್ದು ಕೆಲವು ಸಲ ಉಳಿಯಲೂ ಇಲ್ಲ. ರೂಆಂ ಪಟ್ಟಣದ ಪಕ್ಕದ ಬ್ವಾ-ಗಿಯೋಮ್ ಮತ್ತು ಬಿಓರೆಲ್ ಅನ್ನುವ ಎರಡು ಊರು 2012ರ ಜನವರಿಯಲ್ಲಿ ಸೇರಿದವು. ಕೋರ್ಟಿಗೆ ಹೋದರು, 2013ರಲ್ಲಿ ಕೋರ್ಟ್ ರದ್ದು ಮಾಡಿತು, 2014ರ ಹೊಸ ವರ್ಷಕ್ಕೆ ಮತ್ತೆ ಎರಡಾದವು. ಕಾಂ ಪಟ್ಟಣದ ಹತ್ತಿರ ತ್ರೋಆರ್ನ್ ಮತ್ತು ಸಾನೆರ್‌ವಿಲ್ ಸೇರಿ 2017ರಲ್ಲಿ ಸಾಲೀನ್ ಅನ್ನುವ ಕಮ್ಯೂನ್ ಆಯಿತು, 2019ರ ಕೊನೆಯ ದಿನ ಅದೂ ಮುಗಿಯಿತು.

ಇದರ ಪಕ್ಕದಲ್ಲಿ ಇನ್ನೊಂದು ವಿಷಯ ಇಟ್ಟು ನೋಡಿ. ದೇಶದ ಆಚೆ ಮಗ್ಗುಲಲ್ಲಿ ವೆರ್ಡನ್ ಅನ್ನುವ ಜಾಗ. 1916ರಲ್ಲಿ ಅಲ್ಲಿ ತಿಂಗಳುಗಟ್ಟಲೆ ನಡೆದ ಯುದ್ಧದಲ್ಲಿ ಒಂಬತ್ತು ಹಳ್ಳಿ ನೆಲಸಮವಾದವು. ನೆಲದಲ್ಲಿ ಸಿಡಿಯದ ಗುಂಡು, ವಿಷ. ಆರು ಊರಿಗೆ ಜನ ವಾಪಸ್ಸು ಹೋಗಲೇ ಇಲ್ಲ. ಫ್ಲೂರಿ-ದೆವಾಂ-ದೂಓಮೋಂ ಅದರಲ್ಲೊಂದು. ಇವತ್ತಿಗೂ ಅಲ್ಲಿಯ ಜನಸಂಖ್ಯೆ ಸೊನ್ನೆ. ಆದರೂ ಅದು ಕಮ್ಯೂನ್. ಓಟು ಹಾಕಲು ಯಾರೂ ಇಲ್ಲದ್ದರಿಂದ ಜಿಲ್ಲಾ ಅಧಿಕಾರಿಯೇ ಮೇಯರನ್ನು ನೇಮಿಸುತ್ತಾರೆ. ಆ ಮೇಯರ್ ಮೂರು ಬಣ್ಣದ ಪಟ್ಟಿ ಹಾಕಿಕೊಂಡು, ಮನೆ ಇದ್ದ ಹಳ್ಳಗಳ ನಡುವೆ, ಬೇಕರಿ ಇಲ್ಲಿತ್ತು, ಶಾಲೆ ಇಲ್ಲಿತ್ತು ಅನ್ನುವ ಕಲ್ಲುಗಳ ನಡುವೆ, ಸತ್ತವರ ನೆನಪು ಮಾಡುತ್ತಾರೆ. ನಾನು ಅಲ್ಲಿ ನಿಂತಾಗ ಗಂಟಲು ಕಟ್ಟಿತ್ತು. ದೇಶಕ್ಕಾಗಿ ಸತ್ತ ಊರಿನ ಹೆಸರನ್ನು ಅಳಿಸಲು ಈ ದೇಶಕ್ಕೆ ಮನಸ್ಸು ಬಂದಿಲ್ಲ. ಬದುಕಿರುವ ಊರುಗಳಿಗೂ ಅಷ್ಟೇ ಮರ್ಯಾದೆ ಸಿಗಬೇಕು ಅಂತ ನನ್ನ ಆಸೆ.

ಕೊನೆಗೆ ಒಂದು ನಂಬರಿನ ವಿಷಯ ಹೇಳಿ ಮುಗಿಸುತ್ತೇನೆ.

ಫ್ರಾನ್ಸಿನಲ್ಲಿ ಪ್ರತಿಯೊಬ್ಬರಿಗೂ ಒಂದು ಸಾಮಾಜಿಕ ಭದ್ರತೆಯ ನಂಬರ್ ಇರುತ್ತದೆ, ಡಾಕ್ಟರ ಹತ್ತಿರ ಹೋದರೂ ಪಿಂಚಣಿ ತೆಗೆದುಕೊಂಡರೂ ಅದೇ. ಮೊದಲ ಅಂಕಿ ಗಂಡೋ ಹೆಣ್ಣೋ, ಗಂಡಿಗೆ 1, ಹೆಣ್ಣಿಗೆ 2. ಆಮೇಲೆ ಹುಟ್ಟಿದ ವರ್ಷ, ತಿಂಗಳು. ಆಮೇಲೆ ಜಿಲ್ಲೆ, ಎರಡಂಕಿ. ಅದರ ಮುಂದಿನ ಮೂರಂಕಿ ಹುಟ್ಟಿದ ಕಮ್ಯೂನಿನದು. ಗ್ರೆವಿಲ್-ಆಗ್‌ನ ಮನೆಯೊಂದರಲ್ಲಿ 1943ರ ಜುಲೈನಲ್ಲಿ ಒಬ್ಬ ಅಜ್ಜಿ ಹುಟ್ಟಿದ್ದಾರೆ ಅಂದುಕೊಳ್ಳಿ. ಅವರ ನಂಬರ್ 2 43 07 50 220 ಅಂತ ಶುರುವಾಗುತ್ತದೆ. 50 ಅಂದರೆ ಮಾಂಶ್, 220 ಅಂದರೆ ಗ್ರೆವಿಲ್. 2017ರಿಂದ ಆ ಊರು ಲೆಕ್ಕದಲ್ಲಿ ಲಾ ಆಗ್, ಅದರ ಅಂಕಿ 041, ಹಿಂದೆ ಬೋಮೋಂದಾಗಿದ್ದದ್ದು. ಆದರೆ ಒಮ್ಮೆ ಕೊಟ್ಟ ನಂಬರನ್ನು ಊರು ಸೇರಿತು ಅಂತ ಬದಲಾಯಿಸುವುದಿಲ್ಲ. ಅಜ್ಜಿ ಬದುಕಿರುವವರೆಗೂ ಅವರ ಕಾರ್ಡಿನ ಮೇಲೆ 220 ಇರುತ್ತದೆ.

ಅವರ ಮಕ್ಕಳ ಕಾರ್ಡಿನಲ್ಲಿ ಇರುವುದು ಅನುಮಾನ. ಆಮೇಲಿನವರು ಹೆಚ್ಚಾಗಿ ಹುಟ್ಟಿದ್ದು ಆಸ್ಪತ್ರೆಯಲ್ಲಿ, ಆಸ್ಪತ್ರೆ ಇರುವುದು ಶೆರ್ಬೂರ್‌ನಲ್ಲಿ, ಅದರ ಅಂಕಿ 129. ಹಾಗಾಗಿ ಕಾನೂನು ಬರುವುದಕ್ಕೆ ಎಷ್ಟೋ ವರ್ಷ ಮುಂಚೆಯೇ, ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋದ ದಿನವೇ, ಹಳ್ಳಿಯ ಅಂಕಿ ಹೊಸ ಮಕ್ಕಳಿಗೆ ಸಿಗುವುದು ನಿಂತಿತ್ತು. ಮೇಯರಮ್ಮ ತೋರಿಸಿದ ರಿಜಿಸ್ಟರಿನಲ್ಲಿ ಎರಡು ಪುಟ ಇದ್ದ ಹುಟ್ಟು, ಈಚಿನ ರಿಜಿಸ್ಟರುಗಳಲ್ಲಿ ಬರೀ ಖಾಲಿ. ಸಾವು, ಮದುವೆ ಮಾತ್ರ.

ನಾನು ಅಲ್ಲಿ ಕೆಲಸಕ್ಕೆ ಸೇರಿದಾಗ ನನಗೂ ಆ ನಂಬರ್ ಕೊಟ್ಟರು. ಹೊರದೇಶದಲ್ಲಿ ಹುಟ್ಟಿದವರಿಗೆ ಜಿಲ್ಲೆಯ ಜಾಗದಲ್ಲಿ 99 ಬರುತ್ತದೆ, ಕಮ್ಯೂನಿನ ಜಾಗದಲ್ಲಿ ದೇಶದ ಅಂಕಿ. ಭಾರತಕ್ಕೆ 223. ನಾನು ಹುಟ್ಟಿದ ಊರು, ತಾಲ್ಲೂಕು, ಜಿಲ್ಲೆ, ಕರ್ನಾಟಕ, ನೂರಾನಲವತ್ತು ಕೋಟಿ ಜನ, ಎಲ್ಲ ಸೇರಿ ಮೂರಂಕಿ. ಗ್ರೆವಿಲ್‌ನಲ್ಲಿ ಮನೆಯಲ್ಲೇ ಹುಟ್ಟಿದ ಆ ಅಜ್ಜಿಗೆ, ಸಾವಿರ ಜನವೂ ಇಲ್ಲದ ಅವರ ಊರಿಗೆ, ಅದೇ ಮೂರಂಕಿ.